ಕಾಲ್ ಕಟ್ ಮಾಡೋ ಧೈರ್ಯ: ಕಂಪ್ಯೂಟರ್ ಪರದೆಯೊಳಗಿನ ಹಾರರ್ ಸಿನಿಮಾಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ದಿನಾ ಬೆಂಗಳೂರಿಗೆ ಓಡಾಡೋರು ಇದನ್ನ ರೈಲಲ್ಲೋ ಬಸ್ಸಲ್ಲೋ ಕೇಳ್ತಿರ್ತೀರಿ. ಇಯರ್‌ಫೋನ್ ಸರಿಯಾಗಿ ಹಾಕ್ಕೊಳ್ಳಿ. ಇವತ್ತಿನ ವಿಷಯ ದೆವ್ವ. ಹುಣಸೆಮರ ಬಿಟ್ಟು ಲ್ಯಾಪ್‌ಟಾಪ್ ಒಳಗೆ ಮನೆ ಮಾಡ್ಕೊಂಡಿರೋ ದೆವ್ವ.

ಸಿನಿಮಾ ಅಂದ್ರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಬಂಡೆ. 1975ರ ‘ಶೋಲೆ’ಯ ರಾಮಗಢ ಇದ್ದದ್ದು ರಾಮನಗರದ ಈ ಬೆಟ್ಟಗಳ ನಡುವೆ. 70 ಎಂ.ಎಂ. ಪರದೆಗೆ ತಕ್ಕ ಬಂಡೆಗಳು ಅವು. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದ ಬೆಟ್ಟ–ಗುಹೆಗಳಿಗಾಗಿ ಡೇವಿಡ್ ಲೀನ್ ಬಂದದ್ದು ಮಾಗಡಿಯ ಸಾವನದುರ್ಗಕ್ಕೆ, ರಾಮದೇವರ ಬೆಟ್ಟಕ್ಕೆ. ಆ ಚಿತ್ರದಲ್ಲಿ ಗುಹೆಯೊಳಗಿನ ಪ್ರತಿಧ್ವನಿಯೇ ಮೈ ನಡುಗಿಸುತ್ತೆ.

ನಾನು ಹೇಳ್ತಿರೋ ಸಿನಿಮಾಗಳಿಗೆ ಬಂಡೆಯೂ ಬೇಡ, ಗುಹೆಯೂ ಬೇಡ. ಇಡೀ ಕಥೆ ಒಂದು ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತೆ. ವಿಡಿಯೋ ಕಾಲ್, ಚಾಟ್, ಫೋಲ್ಡರ್, ಓಡಾಡೋ ಬಾಣದ ಗುರುತು, ಅಷ್ಟೇ. ಇದಕ್ಕೆ ‘ಸ್ಕ್ರೀನ್‌ಲೈಫ್’ ಅಂತಾರೆ. 2002ರಲ್ಲೇ ‘ದಿ ಕಾಲಿಂಗ್ಸ್‌ವುಡ್ ಸ್ಟೋರಿ’ ವೆಬ್‌ಕ್ಯಾಮ್ ಇಟ್ಕೊಂಡು ಹೆದರಿಸಿತ್ತು. ಆದ್ರೆ ದೊಡ್ಡ ಹೆಸರು ಬಂದದ್ದು ‘ಅನ್‌ಫ್ರೆಂಡೆಡ್’ಗೆ. 2014ರಲ್ಲಿ ಚಿತ್ರೋತ್ಸವದಲ್ಲಿ ಕಾಣಿಸಿಕೊಂಡು 2015ರಲ್ಲಿ ಥಿಯೇಟರ್‌ಗೆ ಬಂತು. ಸುಮಾರು 10 ಲಕ್ಷ ಡಾಲರ್‌ನಲ್ಲಿ ಮಾಡಿದ ಸಿನಿಮಾ, 6 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಕಥೆ ಸರಳ. ಗೆಳೆಯರೆಲ್ಲ ಸ್ಕೈಪ್‌ನಲ್ಲಿ ಹರಟುತ್ತಿದ್ದಾರೆ. ನಡುವೆ ಯಾರೋ ಅಪರಿಚಿತರು ಸೇರ್ಕೊಂಡಿದ್ದಾರೆ. ತೆಗೆದುಹಾಕೋಕೆ ನೋಡಿದ್ರೆ ಆಗ್ತಿಲ್ಲ. ವರ್ಷದ ಹಿಂದೆ ತನ್ನ ವಿಡಿಯೋ ಹರಿದಾಡಿ, ಅವಮಾನ ತಾಳಲಾರದೆ ಜೀವ ಕಳ್ಕೊಂಡ ಸಹಪಾಠಿಯ ಹೆಸರಲ್ಲಿ ಮೆಸೇಜ್ ಬರುತ್ತೆ. ಇಲ್ಲಿ ನನಗೆ ತುಂಬಾ ಇಷ್ಟವಾದ್ದು ದೆವ್ವ ಅಲ್ಲ, ಟೈಪಿಂಗ್. ನಾಯಕಿ ಒಂದು ವಾಕ್ಯ ಬರೀತಾಳೆ, ನಿಲ್ಲಿಸ್ತಾಳೆ, ಅಳಿಸ್ತಾಳೆ, ಬೇರೆ ಏನೋ ಕಳಿಸ್ತಾಳೆ. ಅವಳು ಮುಚ್ಚಿಟ್ಟದ್ದು ಗೆಳೆಯರಿಗೆ ಕಾಣಲ್ಲ, ನಮಗೆ ಕಾಣುತ್ತೆ. ಮನಸ್ಸಿನೊಳಗಿನ ಮಾತು ಕೇಳಿಸೋಕೆ ನಾಟಕದಲ್ಲಿ ಸ್ವಗತ ಬೇಕಿತ್ತು, ಇಲ್ಲಿ ಒಂದು ಡಿಲೀಟ್ ಕೀ ಸಾಕು.

2020ರ ಲಾಕ್‌ಡೌನ್‌ನಲ್ಲಿ ಬಂದ ‘ಹೋಸ್ಟ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಝೂಮ್‌ನಲ್ಲಿ ಕೂತು ಆತ್ಮವನ್ನ ಕರೆಯೋ ಗೆಳೆಯರ ಕಥೆ. ನಿರ್ದೇಶಕ ರಾಬ್ ಸ್ಯಾವೇಜ್ ಕಲಾವಿದರ ಮನೆಗೆ ಹೋಗೋ ಹಾಗಿರಲಿಲ್ಲ, ದೂರದಿಂದಲೇ ನಿರ್ದೇಶಿಸಿದ್ರು. ಒಂದು ಗಂಟೆಯೂ ಇಲ್ಲದ ಸಿನಿಮಾ. ಉಚಿತ ಝೂಮ್ ಕಾಲ್‌ನ ಸಮಯ ಮುಗಿಯುತ್ತಾ ಬರೋದನ್ನೂ ಭಯಕ್ಕೆ ಬಳಸ್ಕೊಂಡಿದ್ದಾರೆ. ಅದೇ ವರ್ಷ ಮಲಯಾಳಂನಲ್ಲಿ ಮಹೇಶ್ ನಾರಾಯಣನ್, ಫಹಾದ್ ಫಾಸಿಲ್ ಸೇರಿ ‘ಸಿ ಯು ಸೂನ್’ ಮಾಡಿದ್ರು. ಅದು ಹಾರರ್ ಅಲ್ಲ, ಥ್ರಿಲ್ಲರ್. ಆದ್ರೆ ನಮ್ಮವರ ಫೋನ್‌ನಲ್ಲೂ ಒಂದು ಪೂರ್ತಿ ಸಿನಿಮಾ ಇದೆ ಅಂತ ತೋರಿಸಿತು.

ಕನ್ನಡದಲ್ಲಿ? ಹತ್ತಿರದ ಸಂಬಂಧಿ ಅಂದ್ರೆ 2013ರಲ್ಲಿ ಬಂದ ಕೆ.ಎಸ್. ಅಶೋಕ ಅವರ ‘6-5=2’. ಟ್ರೆಕ್ಕಿಂಗ್ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಅನ್ನೋ ರೀತಿಯ ಕಥೆ. ಅಲ್ಲಿ ಕ್ಯಾಮೆರಾ ಕಾಡಿಗೆ ಹೋಯ್ತು. ಈಗ ಅದೇ ಕಣ್ಣನ್ನ ಮನೆಯೊಳಗೆ ತಿರುಗಿಸಬೇಕು. ಯೋಚನೆ ಮಾಡಿ: ಫ್ಯಾಮಿಲಿ ವಾಟ್ಸಾಪ್ ಗ್ರೂಪ್. ದಿನಾ ಬೆಳಗ್ಗೆ ಶುಭೋದಯದ ಹೂವು ಕಳಿಸ್ತಿದ್ದ ಅಜ್ಜಿ ತೀರಿಹೋಗಿ ತಿಂಗಳಾಗಿದೆ. ಅಜ್ಜಿಯ ಫೋನ್ ಬೀರುವಿನಲ್ಲಿದೆ. ರಾತ್ರಿ ಎರಡು ಗಂಟೆಗೆ ಗ್ರೂಪ್‌ನಲ್ಲಿ ‘ಅಜ್ಜಿ ಟೈಪಿಂಗ್’ ಅಂತ ಬರುತ್ತೆ. ಅದಕ್ಕೆ ಗ್ರಾಫಿಕ್ಸ್ ಏನೂ ಬೇಡ.

ಈ ಭಯ ನಮಗೆ ಹೊಸದೇನೂ ಅಲ್ಲ. 90ರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ ‘ನಾಳೆ ಬಾ’ ಅಂತ ಬಾಗಿಲ ಮೇಲೆ ಬರೀತಿದ್ರಂತೆ, ನಿಮ್ಮ ಅಪ್ಪ ಅಮ್ಮನ್ನ ಕೇಳಿ ನೋಡಿ. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತೆ, ಬಾಗಿಲು ತೆಗೆದ್ರೆ ಕಥೆ ಮುಗೀತು ಅನ್ನೋ ವದಂತಿ. ಪರಿಚಯದ ದನಿ, ನಡುವೆ ಒಂದು ಬಾಗಿಲು. ಬಾಗಿಲಿನ ಜಾಗದಲ್ಲಿ ಈಗ ಪರದೆ ಬಂದಿದೆ.

ಈಗ ಸಿನಿಮಾದಿಂದ ಸ್ವಲ್ಪ ಹೊರಗೆ ಬರೋಣ. ಇಂಥ ಸಿನಿಮಾ ನೋಡುವಾಗ ನಾವೆಲ್ಲ ಕೂಗ್ತೀವಿ, “ಲೇ, ಕಾಲ್ ಕಟ್ ಮಾಡ್ಲಾ!” ಅಂತ. ಅವರು ಮಾಡಲ್ಲ, ಮಾಡಿದ್ರೆ ಏನೋ ಆಗುತ್ತೆ ಅನ್ನೋ ಭಯ. ‘ಡಿಜಿಟಲ್ ಅರೆಸ್ಟ್’ ಅನ್ನೋ ಮೋಸ ನಡೆಯೋದೂ ಥೇಟ್ ಹೀಗೇ. ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಯೂನಿಫಾರ್ಮ್, ಹಿಂದೆ ಆಫೀಸಿನಂಥ ಗೋಡೆ. ನಿಮ್ಮ ಹೆಸರಲ್ಲಿ ಪಾರ್ಸೆಲ್ ಸಿಕ್ಕಿದೆ, ಆಧಾರ್ ದುರ್ಬಳಕೆಯಾಗಿದೆ ಅಂತಾರೆ. ಕ್ಯಾಮೆರಾ ಮುಂದಿಂದ ಏಳಬೇಡಿ, ಯಾರಿಗೂ ಹೇಳಬೇಡಿ, ಕಾಲ್ ಕಟ್ ಮಾಡಬೇಡಿ ಅಂತಾರೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಜನ ಪರದೆ ಮುಂದೆ ಕೂತು ಜೀವಮಾನದ ಉಳಿತಾಯ ಕಳ್ಕೊಂಡಿದ್ದಾರೆ. ಬೆಂಗಳೂರಿನಲ್ಲಿ ಓದಿದವರೂ, ನಿವೃತ್ತ ನೌಕರರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಇದರ ಬಗ್ಗೆ ಎಚ್ಚರಿಸಬೇಕಾಯ್ತು.

ಅವರನ್ನ ದಡ್ಡರು ಅಂತ ನಗೋಕೆ ನನಗೆ ಮನಸ್ಸಿಲ್ಲ. ಹಾರರ್ ಸಿನಿಮಾ ಹೇಳಿಕೊಡೋದು ಇದನ್ನೇ: ಒಬ್ಬಂಟಿ ಮಾಡಿ, ಉಸಿರಾಡೋಕೆ ಬಿಡದೆ ಹೆದರಿಸಿದ್ರೆ ಯಾರ ಬುದ್ಧಿಯೂ ಕೆಲಸ ಮಾಡಲ್ಲ. ಸಿನಿಮಾದ ದೆವ್ವಕ್ಕೂ ಈ ಕಳ್ಳನಿಗೂ ಬಂಡವಾಳ ಒಂದೇ, ನಿಮ್ಮ ಪಕ್ಕ ಯಾರೂ ಇಲ್ಲದಿರೋದು.

ಅದಕ್ಕೇ ಒಂದು ಕೆಲಸ ಮಾಡಿ. ಈ ಭಾನುವಾರ ಊರಿಗೆ ಹೋದಾಗ ‘ಹೋಸ್ಟ್’ ನೋಡಿ, ಲ್ಯಾಪ್‌ಟಾಪ್‌ನಲ್ಲೇ, ಲೈಟ್ ಆರಿಸಿ. ಆಮೇಲೆ ಅಮ್ಮನ ಪಕ್ಕ ಕೂತು ಮೂರು ಮಾತು ಹೇಳಿ. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ. ಅಂಥ ಕಾಲ್ ಬಂದ್ರೆ ಕಟ್ ಮಾಡಿ, ಮೊದಲು ನನಗೆ ಫೋನ್ ಮಾಡಮ್ಮ. ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡು. ಆ ನಂಬರನ್ನ ಒಂದು ಚೀಟಿಯಲ್ಲಿ ಬರೆದು ಫೋನ್ ಚಾರ್ಜ್‌ಗೆ ಹಾಕೋ ಜಾಗದಲ್ಲಿ ಅಂಟಿಸಿ ಬನ್ನಿ.

ನಿಮ್ಮ ಹತ್ರ ಕನ್ನಡದ ಸ್ಕ್ರೀನ್‌ಲೈಫ್ ಕಥೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ರಾತ್ರಿ ಎರಡು ಗಂಟೆಗೆ ಮಾತ್ರ ಕಳಿಸಬೇಡಿ.