ಹಳೆಯ ತಂಡದ ಕರೆ

ಗೆದ್ದು ಹೆಸರು ಮಾಡಿದ ಮಾರ್ಗದರ್ಶಕನೊಬ್ಬ ತಾನು ಹಿಂದೆ ಇದ್ದ ತಂಡಕ್ಕೆ ಹಿಂತಿರುಗುವನೆ? ಹಿಂತಿರುಗಬೇಕೆ? ಈ ಹೊತ್ತು ನಿಮ್ಮೊಡನೆ ವಿಚಾರ ಮಾಡಬೇಕೆಂದಿರುವುದು ಈ ಎರಡು ಪ್ರಶ್ನೆಗಳನ್ನು. ಮೊದಲನೆಯದು ಪತ್ರಿಕೆಗಳ ಕ್ರೀಡಾಪುಟಕ್ಕೆ ಸೇರಿದ್ದು. ಎರಡನೆಯದು ನಮ್ಮ ನಿಮ್ಮ ಮನೆಗಳಿಗೂ ಸೇರಿದ್ದು.

ಅಮೆರಿಕ, ಕೆನಡಗಳಲ್ಲಿ ಮಂಜುಗಡ್ಡೆಯ ಮೇಲೆ ಹಾಕಿ ಆಡುವ ತಂಡಗಳಿಗೆ ಜನರಲ್ ಮ್ಯಾನೇಜರ್ ಎಂಬ ಅಧಿಕಾರಿ ಇರುತ್ತಾನೆ. ಅವನು ಆಡುವವನಲ್ಲ; ಆಟಗಾರರನ್ನು ಆರಿಸುವವನು, ಕರೆತರುವವನು, ಬಿಟ್ಟುಕೊಡುವವನು. ಅಂಥವನೊಬ್ಬ ಒಂದು ಊರಿನಲ್ಲಿ ಗೆದ್ದನೆಂದರೆ ಅವನ ಹಳೆಯ ಊರಿನಲ್ಲಿ ಆಸೆ ಮೊಳೆಯುತ್ತದೆ: 'ನಮ್ಮವನಲ್ಲವೆ, ನಮ್ಮಲ್ಲಿಗೆ ಬಂದಾನು.' ನಮ್ಮ ಬೆಂಗಳೂರಿನಲ್ಲಿ ಆ ಹಾಕಿಯ ಸ್ಥಾನ ಕ್ರಿಕೆಟ್ಟಿನದು. ಆಸೆ ಮಾತ್ರ ಅದೇ. ಗಾಂಧಿ ಬಜಾರಿನಲ್ಲಿ ಕಾಫಿಗೆ ಕುಳಿತವರ ನಡುವೆ ನಾನು ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ, ನಾನೂ ಆಡಿದ್ದೇನೆ.

ಬಸವನಗುಡಿಗೆ ಈ ಆಸೆ ಹುಟ್ಟಲು ಕಾರಣವೂ ಉಂಟು. ಇಲ್ಲಿನ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆ 2009ರಲ್ಲಿ ಐಪಿಎಲ್‌ನ ಬೆಂಗಳೂರು ತಂಡಕ್ಕೆ ನಾಯಕರಾಗಿ, ಅದನ್ನು ಅಂತಿಮ ಪಂದ್ಯದವರೆಗೆ ಒಯ್ದರು. ಅಂದು ಕೇವಲ 16 ರನ್ ಕೊಟ್ಟು 4 ವಿಕೆಟ್ ಪಡೆದರೂ ತಂಡ 6 ರನ್ನುಗಳಿಂದ ಸೋತಿತು. ಆಟ ಬಿಟ್ಟ ಮೇಲೆ ಅದೇ ತಂಡಕ್ಕೆ ಮಾರ್ಗದರ್ಶಕರಾಗಿದ್ದ ಅವರು 2013ರಲ್ಲಿ ಮುಂಬಯಿ ತಂಡಕ್ಕೆ ಹೋದರು. ಆ ವರ್ಷವೇ ಮುಂಬಯಿ ಗೆದ್ದಿತು. 2015ರಲ್ಲಿ ಮತ್ತೊಮ್ಮೆ ಗೆದ್ದಿತು. ಆಗ ನಮ್ಮ ಮಂದಿಗೆ ಆದ ಸಂಕಟ ಸಣ್ಣದಲ್ಲ. ಮನೆಯ ಮಗ ಪಕ್ಕದ ಮನೆಯ ಬಾವಿಯಲ್ಲಿ ನೀರು ತರಿಸಿದಂತಾಯಿತು.

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಗಾದೆ. ಆ ಗಿಡ ಬೇರೆ ಊರಿನ ಅಂಗಳದಲ್ಲಿ ಚಿಗುರಿತೋ, ಆಗ ಅದು ನಮ್ಮ ಹಿತ್ತಲದು ಎಂಬುದು ತಟ್ಟನೆ ನೆನಪಾಗುತ್ತದೆ. ಹಿಂತಿರುಗಿ ಬಾ ಎಂಬ ನಮ್ಮ ಕರೆಯಲ್ಲಿ ಪ್ರೀತಿ ಎಷ್ಟು, ಈ ತಡವಾದ ನೆನಪು ಎಷ್ಟು ಎಂದು ಬೇರ್ಪಡಿಸಿ ನೋಡುವುದು ಒಳ್ಳೆಯದು.

ಹಾಗಾದರೆ ಹಿಂತಿರುಗಿದವರ ಗತಿ ಏನಾಯಿತು? ನಮ್ಮ ಊರಿನವರೇ ಆದ ರಾಹುಲ್ ದ್ರಾವಿಡರನ್ನು ನೋಡಿ. ಅವರಿಗೆ ಹಳೆಯ ತಂಡಗಳು ಎರಡು. 2008ರಲ್ಲಿ ಬೆಂಗಳೂರು ತಂಡದ ಮೊದಲ ನಾಯಕರು ಅವರು; ಎಂಟು ತಂಡಗಳಲ್ಲಿ ನಮ್ಮದಕ್ಕೆ ಏಳನೆಯ ಸ್ಥಾನ ಬಂದಿತು. 2011ರಲ್ಲಿ ರಾಜಸ್ಥಾನ ತಂಡಕ್ಕೆ ಹೋದರು. 2012, 2013ರಲ್ಲಿ ಅದರ ನಾಯಕರು, ಮುಂದಿನ ಎರಡು ವರ್ಷ ಮಾರ್ಗದರ್ಶಕರು. ಆಮೇಲೆ ಬಂದದ್ದು ಅವರ ದೊಡ್ಡ ಕೆಲಸ. ಅವರು ಪಳಗಿಸಿದ ಹತ್ತೊಂಬತ್ತರೊಳಗಿನ ಹುಡುಗರ ತಂಡ 2018ರಲ್ಲಿ ವಿಶ್ವಕಪ್ ಗೆದ್ದಿತು. 2021ರಿಂದ ಅವರು ಭಾರತ ತಂಡದ ಕೋಚ್. 2023ರ ನವೆಂಬರಿನಲ್ಲಿ ಅಹಮದಾಬಾದಿನ ಸೋಲು; 2024ರ ಜೂನ್ 29ರಂದು ಬಾರ್ಬಡೋಸಿನ ಗೆಲುವು. ಅಲ್ಲಿಗೆ ಅವಧಿ ಮುಗಿಯಿತು. ಬರುವ ವಾರದಿಂದ ತಾವು ನಿರುದ್ಯೋಗಿ, ಕೆಲಸವಿದ್ದರೆ ಹೇಳಿ ಎಂದು ಅವರು ನಗೆಯಾಡಿದರು. ಮತ್ತೆ ಎಲ್ಲೆಡೆ ಅದೇ ಪ್ರಶ್ನೆ: ಹಳೆಯ ತಂಡಕ್ಕೆ ಹೋಗುವರೆ?

ಹೋದರು, ಬೆಂಗಳೂರಿಗಲ್ಲ, ರಾಜಸ್ಥಾನಕ್ಕೆ. ಬೆಂಗಳೂರಿನವರು ಜಯಪುರದ ಕಾರುಬಾರು ನೋಡಹೋಗುವುದು ಹೊಸದೇನಲ್ಲ. ಮೈಸೂರಿನ ದಿವಾನಗಿರಿ ಬಿಟ್ಟ ಮಿರ್ಜಾ ಇಸ್ಮಾಯಿಲರು 1942ರಿಂದ 1946ರವರೆಗೆ ಅಲ್ಲಿ ಪ್ರಧಾನಮಂತ್ರಿಗಳಾಗಿದ್ದರು, ಅವರ ಹೆಸರಿನ ರಸ್ತೆ ಇಂದಿಗೂ ಅಲ್ಲಿದೆ. ಆದರೆ ಮಿರ್ಜಾ ಹೋದದ್ದು ಹೊಸ ಜಾಗಕ್ಕೆ. ದ್ರಾವಿಡರು ಹೋದದ್ದು ಪರಿಚಯದ ಮನೆಗೆ. ಆ ಮನೆಯಲ್ಲಿ ಅಷ್ಟರೊಳಗೆ ಬೇರೆ ಆಟಗಾರರು, ಬೇರೆ ನಾಯಕ, ಬೇರೆ ನಡವಳಿಕೆ. 2025ರಲ್ಲಿ ತಂಡ 14 ಪಂದ್ಯಗಳಲ್ಲಿ ಗೆದ್ದದ್ದು ನಾಲ್ಕೇ. ಹತ್ತು ತಂಡಗಳಲ್ಲಿ ಒಂಬತ್ತನೆಯ ಸ್ಥಾನ. ಕೆಲವು ಸೋಲುಗಳು ಒಂದೆರಡು ರನ್ನುಗಳ ಅಂತರದವು. ಆ ವರ್ಷದ ಆಗಸ್ಟ್ 30ರಂದು ದ್ರಾವಿಡರು ಬಿಡುತ್ತಿದ್ದಾರೆಂದು ತಂಡ ಪ್ರಕಟಿಸಿತು. ಇನ್ನೂ ವಿಸ್ತಾರವಾದ ಒಂದು ಹುದ್ದೆ ಕೊಡಲು ಮುಂದಾಗಿದ್ದೆವು, ಅವರು ಒಪ್ಪಲಿಲ್ಲ ಎಂದಿತು. ಒಂದೇ ಋತುವಿನ ಮರುವಾಸ.

ಇದನ್ನು ಸೋಲು ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಅದೇ ವರ್ಷದ ಏಪ್ರಿಲ್ 28ರಂದು ಜಯಪುರದಲ್ಲಿ ಹದಿನಾಲ್ಕು ವರ್ಷದ ವೈಭವ್ ಸೂರ್ಯವಂಶಿ 35 ಎಸೆತಗಳಲ್ಲಿ ಶತಕ ಹೊಡೆದಾಗ, ಕಾಲು ನೋವಿನಿಂದ ಗಾಲಿಕುರ್ಚಿಯಲ್ಲಿದ್ದ ದ್ರಾವಿಡರು ಮೈಮರೆತು ಎದ್ದು ನಿಂತರು. ಎಳೆಯರನ್ನು ಬೆಳೆಸುವುದು ಅವರು ಹಲವು ವರ್ಷಗಳಿಂದ ಹಿಡಿದ ಕಸುಬು. ಆ ಕಸುಬು ಹಳೆಯ ಮನೆಯಲ್ಲಿಯೂ ಫಲ ಕೊಟ್ಟಿತು. ಕೊಡದೆ ಹೋದದ್ದು ಹಳೆಯ ಕುರ್ಚಿ.

ತವರಿಗೆ ಬಂದ ಮಗಳನ್ನು ನೆನೆಯಿರಿ. ಹಬ್ಬಕ್ಕೆ ಬಂದಳೆಂದರೆ ಮನೆ ಬೆಳಗುತ್ತದೆ. ನಾಲ್ಕನೆಯ ದಿನ ಒಗ್ಗರಣೆ ಡಬ್ಬ ಎಲ್ಲಿದೆಯೆಂದು ಅತ್ತಿಗೆಯನ್ನು ಕೇಳಬೇಕಾಗುತ್ತದೆ. ಅದು ಯಾರ ತಪ್ಪೂ ಅಲ್ಲ. ಅವಳಿಲ್ಲದ ವರ್ಷಗಳಲ್ಲಿ ಮನೆಯೂ ಬಾಳಿದೆ, ಅವಳೂ ಬೇರೆ ಅಡುಗೆಮನೆಯ ಯಜಮಾನಿಯಾಗಿದ್ದಾಳೆ. ಇಂಗ್ಲೆಂಡಿನ ಚೆಲ್ಸಿ ಫುಟ್‌ಬಾಲ್ ತಂಡಕ್ಕೆ 2013ರಲ್ಲಿ ಮರಳಿದ ಜೋಸೆ ಮೊರಿನ್ಯೊ 2015ರ ಮೇ ತಿಂಗಳಲ್ಲಿ ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು. ಡಿಸೆಂಬರಿನಲ್ಲಿ ಹೊರಗೆ ಕಳುಹಿಸಲ್ಪಟ್ಟರು. ಗೆದ್ದರೂ ಹಳೆಯ ಕುರ್ಚಿ ಭದ್ರವಲ್ಲ.

ಹಿಂತಿರುಗುವುದು ಫಲಿಸುವುದೇ ಇಲ್ಲವೆ? ಫಲಿಸುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1918ರ ಕೊನೆಗೆ ಮೈಸೂರಿನ ದಿವಾನಗಿರಿ ಬಿಟ್ಟರು. 1923ರಲ್ಲಿ ಸಂಸ್ಥಾನ ಅವರನ್ನು ಮತ್ತೆ ಕರೆಯಿತು, ಬಂದರು. ಆದರೆ ಕುಳಿತದ್ದು ದಿವಾನರ ಕುರ್ಚಿಯಲ್ಲಲ್ಲ. ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಗೆ ಅಧ್ಯಕ್ಷರಾಗಿ 1929ರವರೆಗೆ ದುಡಿದು ಅದನ್ನು ನೆಲೆಗೆ ತಂದರು. ಅವರನ್ನು ಕರೆದದ್ದು ಒಂದು ಕೆಲಸ, ಹಿಂದಿನ ವೈಭವವಲ್ಲ.

ಕುಂಬ್ಳೆಯವರನ್ನೂ ಈ ಬೆಳಕಿನಲ್ಲಿ ನೋಡಿದರೆ ನಮ್ಮ ಸಂಕಟ ಇಳಿಯುತ್ತದೆ. 2010ರಿಂದ ಮೂರು ವರ್ಷ ಅವರು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಜಾವಗಲ್ ಶ್ರೀನಾಥ್ ಕಾರ್ಯದರ್ಶಿ. ಅವರನ್ನು ಬೆಳೆಸಿದ ಮನೆ ಅದು. ಐಪಿಎಲ್ ತಂಡವಾದರೋ ಒಡೆಯರಿರುವ, ಹರಾಜಿನಲ್ಲಿ ಆಟಗಾರರನ್ನು ಕೊಳ್ಳುವ ಸಂಸ್ಥೆ. ಅದಕ್ಕೆ ನಮ್ಮ ಊರಿನ ಹೆಸರಿದೆ. ಋಣ ಯಾವುದಕ್ಕೆ, ಒಪ್ಪಂದ ಯಾವುದಕ್ಕೆ ಎಂದು ಅವರು ಅರಿತಿದ್ದರೆಂದು ನನಗೆ ತೋರುತ್ತದೆ. ಬೆಂಗಳೂರು ತಂಡ ಕೊನೆಗೆ 2025ರ ಜೂನ್ 3ರಂದು ಗೆದ್ದಿತು, ಅದೇ 6 ರನ್ನುಗಳಿಂದ. ಕುಂಬ್ಳೆಯಾಗಲಿ ದ್ರಾವಿಡರಾಗಲಿ ಅಂದು ಅದರ ಮಾರ್ಗದರ್ಶಕರಾಗಿರಲಿಲ್ಲ.

ಕೊನೆಯದಾಗಿ ಮನೆಯ ಮಾತು. ಮಲ್ಲೇಶ್ವರದಲ್ಲಿ, ಚಾಮರಾಜಪೇಟೆಯಲ್ಲಿ, ಹಜಾರಕ್ಕೆ ಕೆಂಪು ನೆಲವಿರುವ ಎಷ್ಟೋ ಹಳೆಯ ಮನೆಗಳಲ್ಲಿ ಈಗ ಇಬ್ಬರೇ ವೃದ್ಧರಿದ್ದಾರೆ. ಭಾನುವಾರ ದೂರದ ದೇಶದಿಂದ ಫೋನ್ ಬರುತ್ತದೆ. 'ಯಾವಾಗಪ್ಪ ಬರೋದು?' ಎಂಬ ಪ್ರಶ್ನೆಗೆ ಆ ಕಡೆಯಿಂದ ಕ್ಷಣಕಾಲ ಮೌನ. ಆ ಮೌನವನ್ನು ಕೃತಘ್ನತೆಯೆಂದು ತಿಳಿಯುವವರು ನಮ್ಮಲ್ಲಿ ಬಹಳ ಮಂದಿ. ಮಗ ಬಿಟ್ಟುಹೋದ ಕೋಣೆಯನ್ನು ಹಾಗೆಯೇ ಇಟ್ಟು ಕಾಯುವುದಕ್ಕಿಂತ, ಇಲ್ಲಿ ಅವನಿಗಾಗಿ ಯಾವ ಕೆಲಸ ಕಾದಿದೆ ಎಂದು ಹೇಳಲು ನಮಗೆ ಸಾಧ್ಯವಾಗಬೇಕು. ಹೇಳಲು ಏನೂ ಇಲ್ಲವಾದರೆ, ಅವನು ಅಲ್ಲಿ ಮಾಡುತ್ತಿರುವುದು ಏನೆಂದಾದರೂ ಕೇಳಿ ತಿಳಿಯೋಣ. ಮುಂದಿನ ಭಾನುವಾರದ ಫೋನಿಗೆ ಅಷ್ಟು ಮಾತು ಸಾಕು.