ಅಭ್ಯರ್ಥಿಯ ದೇವರು, ಮತದಾರನ ಪರೀಕ್ಷೆ



1960ರ ಸೆಪ್ಟೆಂಬರ್ 12ರ ರಾತ್ರಿ. ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ, ಹೋಟೆಲೊಂದರ ಸಭಾಂಗಣದಲ್ಲಿ ನೂರಾರು ಪ್ರೊಟೆಸ್ಟೆಂಟ್ ಪಾದ್ರಿಗಳು ಸೇರಿದ್ದರು. ಅವರೆದುರು ನಿಂತವರು 43 ವರ್ಷದ ಜಾನ್ ಎಫ್. ಕೆನಡಿ, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು, 14 ವರ್ಷ ಕಾಂಗ್ರೆಸ್ಸಿನಲ್ಲಿ, ಅಂದರೆ ಅಲ್ಲಿನ ಸಂಸತ್ತಿನಲ್ಲಿ ಕುಳಿತವರು. ಆದರೆ ಆ ರಾತ್ರಿ ಅವರನ್ನು ಯಾರೂ ನಿರುದ್ಯೋಗದ ಬಗ್ಗೆ ಕೇಳಲು ಬಂದಿರಲಿಲ್ಲ. ರಷ್ಯದ ಬಗ್ಗೆ ಕೇಳಲೂ ಬಂದಿರಲಿಲ್ಲ. ಕೆನಡಿ ರೋಮನ್ ಕ್ಯಾಥೊಲಿಕ್. ಗೆದ್ದುಬಂದರೆ ಈತ ದೇಶದ ಸಂವಿಧಾನಕ್ಕೆ ತಲೆಬಾಗುತ್ತಾನೋ, ರೋಮ್‌ನಲ್ಲಿರುವ ಪೋಪರಿಗೆ ತಲೆಬಾಗುತ್ತಾನೋ ಎಂಬುದು ಅಲ್ಲಿದ್ದವರ ಮನಸ್ಸನ್ನು ಕಾಡುತ್ತಿದ್ದ ಪ್ರಶ್ನೆ.

ಕೆನಡಿ ನೇರವಾಗಿಯೇ ಉತ್ತರಿಸಿದರು. ತಾವು ಪಕ್ಷದ ಅಭ್ಯರ್ಥಿ, ಚರ್ಚಿನ ಅಭ್ಯರ್ಥಿ ಅಲ್ಲ. ಸಾರ್ವಜನಿಕ ವಿಷಯಗಳಲ್ಲಿ ಚರ್ಚಿನ ಪರವಾಗಿ ತಾವು ಮಾತನಾಡುವುದಿಲ್ಲ, ಚರ್ಚು ತಮ್ಮ ಪರವಾಗಿ ಮಾತನಾಡುವುದಿಲ್ಲ ಎಂದರು. ಅಂತಃಸಾಕ್ಷಿ ಮತ್ತು ದೇಶದ ಹಿತ ಎರಡಕ್ಕೂ ಘರ್ಷಣೆ ಬಂದರೆ ಹುದ್ದೆಗೇ ರಾಜೀನಾಮೆ ಕೊಡುವುದಾಗಿಯೂ ಹೇಳಿದರು. ಎರಡು ತಿಂಗಳ ನಂತರ ಅವರು ಗೆದ್ದರು. ಸುಮಾರು 6 ಕೋಟಿ 88 ಲಕ್ಷ ಮತಗಳು ಚಲಾವಣೆಯಾದ ಆ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್‌ಗಿಂತ ಅವರಿಗೆ ಹೆಚ್ಚಿಗೆ ಬಂದದ್ದು ಒಂದು ಲಕ್ಷದ ಚಿಲ್ಲರೆ ಮತ ಮಾತ್ರ.

ವಿಚಿತ್ರವೆಂದರೆ, ಹ್ಯೂಸ್ಟನ್‌ನಲ್ಲಿ ಎದ್ದ ಆ ಪ್ರಶ್ನೆಗೆ ಕಾನೂನು 173 ವರ್ಷಗಳ ಹಿಂದೆಯೇ ಬಾಗಿಲು ಹಾಕಿತ್ತು. ಇಂಗ್ಲೆಂಡಿನಲ್ಲಿ ಸರ್ಕಾರಿ ಹುದ್ದೆ ಬೇಕಾದವರು ಅಲ್ಲಿನ ರಾಜಮನ್ನಣೆಯ ಚರ್ಚಿನ ಸಂಸ್ಕಾರ ಪಡೆದಿರಬೇಕು ಎಂಬ ಕಾಯ್ದೆ ಇತ್ತು. ಅಮೆರಿಕದ ಹೊಸ ರಾಜ್ಯಗಳ ಪೈಕಿ ಹೆಚ್ಚಿನವೂ ಅದೇ ಜಾಡಿನಲ್ಲಿ ತಮ್ಮ ತಮ್ಮ ಧಾರ್ಮಿಕ ಷರತ್ತುಗಳನ್ನು ಇಟ್ಟುಕೊಂಡಿದ್ದವು. 1787ರಲ್ಲಿ ಸಂವಿಧಾನ ರಚನೆಗೆ ಕೂತವರು ಇದನ್ನು ಒಪ್ಪಲಿಲ್ಲ. ದಕ್ಷಿಣ ಕೆರೊಲಿನಾದ ಚಾರ್ಲ್ಸ್ ಪಿಂಕ್ನಿ ತಂದ ಸಲಹೆಯಂತೆ, ಕೇಂದ್ರ ಸರ್ಕಾರದ ಯಾವ ಹುದ್ದೆಗೂ ಧಾರ್ಮಿಕ ಪರೀಕ್ಷೆ ಎಂದೆಂದಿಗೂ ಕೂಡದು ಎಂಬ ಮಾತನ್ನು 6ನೇ ವಿಧಿಯಲ್ಲಿ ಸೇರಿಸಿದರು. 1791ರ ಮೊದಲ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರಕ್ಕೆ ತನ್ನದೇ ಧರ್ಮ ಎಂಬುದು ಇರಬಾರದು ಎಂದಿತು. ಒಬ್ಬ ವ್ಯಕ್ತಿ ದೇವರನ್ನು ನಂಬುವುದಾಗಿ ಘೋಷಿಸಲಿಲ್ಲ ಎಂದು ನೋಟರಿ ಹುದ್ದೆ ನಿರಾಕರಿಸಿದ್ದ ಮೇರಿಲ್ಯಾಂಡ್ ರಾಜ್ಯಕ್ಕೆ, ಅದು ತಪ್ಪು ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ಒಮ್ಮತದಿಂದ ಹೇಳಿತು.

ಆದರೆ ಸಂವಿಧಾನ ಕಟ್ಟಿಹಾಕಬಲ್ಲದ್ದು ಸರ್ಕಾರವನ್ನು. ಮತದಾರನ ಮನಸ್ಸನ್ನು ಕಟ್ಟಿಹಾಕಲು ಅದಕ್ಕೆ ಸಾಧ್ಯವಿಲ್ಲ. ಕಾನೂನು ಹೊರಗಟ್ಟಿದ ಪರೀಕ್ಷೆ ಹಿಂಬಾಗಿಲಿನಿಂದ ಒಳಗೆ ಬಂದದ್ದು, ಬಂದ ಮೇಲೆ ಮತ್ತೆ ಮತ್ತೆ ರೂಪ ಬದಲಿಸಿದ್ದು ಅಮೆರಿಕದ ಪಕ್ಷ ರಾಜಕಾರಣದ ಒಂದು ದೊಡ್ಡ ಕಥೆ.

ಅದರ ಮೊದಲ ಅಧ್ಯಾಯ ಸಂವಿಧಾನದ ಮಸಿ ಒಣಗುವ ಮೊದಲೇ ಶುರುವಾಯಿತು ಎನ್ನಬೇಕು. 1800ರ ಚುನಾವಣೆಯಲ್ಲಿ ಥಾಮಸ್ ಜೆಫರ್ಸನ್ ನಾಸ್ತಿಕ ಎಂದು ಎದುರಾಳಿ ಪತ್ರಿಕೆಗಳು ಸಾರಿದವು. ಅವರು ಗೆದ್ದರು. 1846ರಲ್ಲಿ ಪ್ರತಿನಿಧಿ ಸಭೆಗೆ ನಿಂತಿದ್ದ ಅಬ್ರಹಾಂ ಲಿಂಕನ್‌ರ ಎದುರಾಳಿ ಮೆಥಡಿಸ್ಟ್ ಬೋಧಕ. ಲಿಂಕನ್ ಧರ್ಮದ್ವೇಷಿ ಎಂಬ ಗುಸುಗುಸು ಹಬ್ಬಿತು. ತಾವು ಯಾವ ಚರ್ಚಿಗೂ ಸೇರಿಲ್ಲವೆಂಬುದು ನಿಜ, ಆದರೆ ಧರ್ಮಗ್ರಂಥದ ಸತ್ಯವನ್ನು ಎಂದೂ ಅಲ್ಲಗಳೆದಿಲ್ಲ ಎಂದು ಲಿಂಕನ್ ಕರಪತ್ರ ಹಂಚಬೇಕಾಯಿತು. ಅವರೂ ಗೆದ್ದರು. ಆದರೆ ಪರೀಕ್ಷೆಗೆ ಉತ್ತರ ಬರೆದುಕೊಟ್ಟೇ ಗೆದ್ದರು ಎಂಬುದನ್ನು ಗಮನಿಸಬೇಕು.

1928ರಲ್ಲಿ ಸೋತವರೊಬ್ಬರಿದ್ದಾರೆ. ನ್ಯೂಯಾರ್ಕಿನ ಗವರ್ನರ್ ಆಲ್ ಸ್ಮಿತ್, ದೊಡ್ಡ ಪಕ್ಷವೊಂದರಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತ ಮೊದಲ ಕ್ಯಾಥೊಲಿಕ್. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಗಳ ನಡುವೆ ಹಡ್ಸನ್ ನದಿಯ ಅಡಿಯಲ್ಲಿ ಹಾಲೆಂಡ್ ಸುರಂಗ ಆಗಷ್ಟೇ ಸಂಚಾರಕ್ಕೆ ತೆರೆದಿತ್ತು. ಆ ಸುರಂಗದ ಚಿತ್ರ ತೋರಿಸಿ, ಇದು ಅಟ್ಲಾಂಟಿಕ್ ಸಾಗರದ ಅಡಿಯಿಂದ ರೋಮ್‌ಗೆ ಹೋಗುತ್ತದೆ, ಪೋಪರು ಇದರಲ್ಲೇ ಬರುತ್ತಾರೆ ಎಂದು ಸುದ್ದಿ ಹಬ್ಬಿಸಿದರು. ಇಂದಿಗೆ ನಗು ಬರುವ ಮಾತು. ಅಂದು ಇದಕ್ಕೂ ಓಟು ಬಿದ್ದಿತು. ದೇಶದಲ್ಲಿ ಆರ್ಥಿಕ ಉಬ್ಬರವಿತ್ತು, ಪಾನನಿಷೇಧವನ್ನು ಸ್ಮಿತ್ ವಿರೋಧಿಸುತ್ತಿದ್ದರು ಎಂಬುದೂ ಸೋಲಿಗೆ ಕಾರಣ. ಆದರೆ ಬಹುಕಾಲದಿಂದ ಡೆಮಾಕ್ರಟರ ಕೈಬಿಡದಿದ್ದ ವರ್ಜೀನಿಯಾ, ಉತ್ತರ ಕೆರೊಲಿನಾ, ಟೆಕ್ಸಾಸ್‌ನಂಥ ದಕ್ಷಿಣದ ರಾಜ್ಯಗಳು ಆ ವರ್ಷ ರಿಪಬ್ಲಿಕನ್ ಪಕ್ಷಕ್ಕೆ ಹೋದದ್ದರ ಹಿಂದೆ ಸ್ಮಿತ್‌ರ ಧರ್ಮದ ಪಾತ್ರ ದೊಡ್ಡದು.

ಈ ಸಂಶಯ ಬರೀ ಅಜ್ಞಾನಿಗಳದ್ದು ಎಂದುಕೊಳ್ಳುವುದು ಬೇಡ. ಅಟ್ಲಾಂಟಾದ ಬ್ಯಾಪ್ಟಿಸ್ಟ್ ಪಾದ್ರಿ, ಮಾರ್ಟಿನ್ ಲೂಥರ್ ಕಿಂಗ್‌ರ ತಂದೆ, 1960ರಲ್ಲಿ ಕ್ಯಾಥೊಲಿಕ್ ಎಂಬ ಕಾರಣಕ್ಕೇ ಕೆನಡಿಯನ್ನು ಬೆಂಬಲಿಸಿರಲಿಲ್ಲ. ವರ್ಣಭೇದದ ಕಹಿಯನ್ನು ಉಂಡವರಲ್ಲಿಯೂ ಈ ಭೇದ ಉಳಿದಿತ್ತು. ಆ ಅಕ್ಟೋಬರಿನಲ್ಲಿ ಮಗ ಜೈಲು ಸೇರಿದಾಗ ಕೆನಡಿ ಸೊಸೆಗೆ ಫೋನು ಮಾಡಿ ಧೈರ್ಯ ಹೇಳಿದರು. ಹಿರಿಯ ಕಿಂಗ್ ಮನಸ್ಸು ಬದಲಿಸಿ, ತಮ್ಮ ಮತ ಕೆನಡಿಗೆ ಎಂದು ಬಹಿರಂಗವಾಗಿ ಸಾರಿದರು. ನೂರು ವಾದಗಳು ಮಾಡದ ಕೆಲಸವನ್ನು ಒಂದು ದೂರವಾಣಿ ಕರೆ ಮಾಡಿತು.

ಅಲ್ಲಿಗೆ 'ಯಾವ ಚರ್ಚಿನವನು?' ಎಂಬ ಪ್ರಶ್ನೆ ಹಳತಾಯಿತು. ಅದರ ಜಾಗಕ್ಕೆ 'ಎಷ್ಟು ಭಕ್ತ?' ಎಂಬ ಪ್ರಶ್ನೆ ಬಂದಿತು. ಅದಕ್ಕೆ ನೆಲ ಹದವಾದದ್ದು ಶೀತಲ ಸಮರದ ದಿನಗಳಲ್ಲಿ. ದೇವರಿಲ್ಲದ ಕಮ್ಯುನಿಸಂಗೆ ಎದುರಾಗಿ ದೇವರುಳ್ಳ ಅಮೆರಿಕ ಎಂಬ ಭಾವನೆ ಬೆಳೆದು, 1954ರಲ್ಲಿ ರಾಷ್ಟ್ರನಿಷ್ಠೆಯ ಪ್ರತಿಜ್ಞೆಯೊಳಗೆ ದೇವರ ಹೆಸರು ಸೇರಿತು. ದೇವರಲ್ಲಿ ನಮ್ಮ ನಂಬಿಕೆ ಎಂಬುದು 1956ರಲ್ಲಿ ರಾಷ್ಟ್ರೀಯ ಘೋಷವಾಕ್ಯವಾಯಿತು. ಅಧ್ಯಕ್ಷ ಐಸೆನ್‌ಹೋವರ್ ಚರ್ಚಿನ ದೀಕ್ಷಾಸ್ನಾನ ಪಡೆದದ್ದೇ 1953ರಲ್ಲಿ, ಅಧಿಕಾರ ಸ್ವೀಕರಿಸಿದ ಹತ್ತು ಹನ್ನೆರಡು ದಿನಗಳ ಮೇಲೆ.

ಬಳಿಕ ಒಂದರ ಹಿಂದೊಂದು ತೀರ್ಪುಗಳು ಬಂದವು. ಸರ್ಕಾರಿ ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆ ಕೂಡದೆಂದು 1962ರಲ್ಲಿ, ಗರ್ಭಪಾತ ಮಹಿಳೆಯ ಹಕ್ಕೆಂದು 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇವಾಂಜೆಲಿಕಲ್ ಕ್ರೈಸ್ತರು, ಅಂದರೆ ಬೈಬಲ್ಲಿನ ಮಾತೇ ಅಂತಿಮ ಎಂದು ನಂಬಿ, ಮನಃಪರಿವರ್ತನೆಯನ್ನು ಹೊಸ ಹುಟ್ಟೆಂದು ಭಾವಿಸುವವರು, ಇದರಿಂದ ಒಮ್ಮೆಗೇ ಕೆರಳಿದರು ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕಥೆ ಅಷ್ಟು ಸರಳವಾಗಿಲ್ಲ. ಅವರ ಅತಿ ದೊಡ್ಡ ಸಂಘಟನೆಯಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 1971ರಲ್ಲಿ, ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನಿನ ಅವಕಾಶ ಇರಲಿ ಎಂದು ನಿರ್ಣಯ ಮಾಡಿತ್ತು. ಕರಿಯರ ಸಮಾನ ಹಕ್ಕಿನ 1964ರ ಕಾಯ್ದೆಯ ನಂತರ ದಕ್ಷಿಣದ ಬಿಳಿಯರು ಡೆಮಾಕ್ರಟಿಕ್ ಪಕ್ಷದಿಂದ ದೂರವಾಗುತ್ತಿದ್ದರು. ಕ್ರೈಸ್ತ ಖಾಸಗಿ ಶಾಲೆಗಳ ತೆರಿಗೆ ವಿನಾಯಿತಿಗೆ ವರ್ಣಭೇದದ ಕಾರಣದಿಂದ ಕುತ್ತು ಬಂದಾಗ ಪಾದ್ರಿಗಳೂ ರಾಜಕೀಯಕ್ಕೆ ಇಳಿದರು. ಜೆರ್ರಿ ಫಾಲ್ವೆಲ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ 1979ರಲ್ಲಿ 'ಮಾರಲ್ ಮೆಜಾರಿಟಿ' ಸಂಘಟನೆ ಕಟ್ಟಿದರು.

1980ರ ಚುನಾವಣೆಯನ್ನು ಇಲ್ಲಿ ನೆನೆಯಬೇಕು. ಒಂದು ಕಡೆ ಜಿಮ್ಮಿ ಕಾರ್ಟರ್. ತಾವು ಮರುಹುಟ್ಟು ಪಡೆದ ಕ್ರೈಸ್ತ ಎಂದು ಹೇಳಿಕೊಂಡವರು, ಭಾನುವಾರದ ಶಾಲೆಯಲ್ಲಿ ಬೈಬಲ್ ಪಾಠ ಹೇಳಿದವರು. ಇನ್ನೊಂದು ಕಡೆ ರೊನಾಲ್ಡ್ ರೇಗನ್. ವಿಚ್ಛೇದಿತರು, ಹಾಲಿವುಡ್ ನಟರು, ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದಾಗ 1967ರಲ್ಲಿ ಗರ್ಭಪಾತದ ನಿಯಮ ಸಡಿಲಿಸುವ ಮಸೂದೆಗೆ ಸಹಿ ಹಾಕಿದವರು. ಭಕ್ತಿಯೇ ಅಳತೆಗೋಲಾಗಿದ್ದರೆ ಇವಾಂಜೆಲಿಕಲ್ ಮತ ಯಾರಿಗೆ ಬೀಳಬೇಕಿತ್ತು? ಆ ಆಗಸ್ಟಿನಲ್ಲಿ ಡಲ್ಲಾಸ್‌ನಲ್ಲಿ ನೆರೆದ ಪಾದ್ರಿಗಳಿಗೆ ರೇಗನ್, ನೀವು ನನ್ನನ್ನು ಅನುಮೋದಿಸಲಾರಿರಿ, ಆದರೆ ನಾನು ನಿಮ್ಮನ್ನು ಅನುಮೋದಿಸುತ್ತೇನೆ ಎಂಬರ್ಥದ ಮಾತು ಹೇಳಿ ಮನಗೆದ್ದರು. ಪಾಠ ಹೇಳಿದವರು ಸೋತರು, ನಟ ಗೆದ್ದರು.

ಪರೀಕ್ಷೆಯ ಮೂರನೇ ರೂಪ ಹುಟ್ಟಿದ್ದು ಇಲ್ಲೇ. ಈಗಿನ ಪ್ರಶ್ನೆ ಯಾವ ಚರ್ಚು ಎಂಬುದಲ್ಲ, ಎಷ್ಟು ಭಕ್ತಿ ಎಂಬುದೂ ಅಲ್ಲ. ನೀನು ಯಾರ ಕಡೆಯವನು ಎಂಬುದು. ಅಪಾಯವನ್ನು ಮೊದಲು ಕಂಡವರಲ್ಲಿ ರಿಪಬ್ಲಿಕನ್ ಪಕ್ಷದವರೇ ಆದ, ಬಲಪಂಥದ ಹಿರಿಯ ತಲೆ ಬ್ಯಾರಿ ಗೋಲ್ಡ್‌ವಾಟರ್ ಒಬ್ಬರು. ಯಾವುದಕ್ಕೆ ಹೇಗೆ ಮತ ಹಾಕಬೇಕೆಂದು ಪಾದ್ರಿಗಳು ಅಪ್ಪಣೆ ಕೊಡುವುದನ್ನು ಸಹಿಸಲಾಗದೆಂದು 1981ರಲ್ಲಿ ಸೆನೆಟ್‌ನಲ್ಲಿ ಗುಡುಗಿದರು. ಪಕ್ಷ ಅವರ ಮಾತಿಗೆ ಕಿವಿಗೊಡಲಿಲ್ಲ.

ಮುಂದೆ ಆದದ್ದನ್ನು ನೋಡಿ. 1960ರಲ್ಲಿ ಟೆಕ್ಸಾಸ್‌ನ ಬ್ಯಾಪ್ಟಿಸ್ಟರು ಕ್ಯಾಥೊಲಿಕ್ ಅಧ್ಯಕ್ಷನಿಗೆ ಹೆದರಿದ್ದರು. 2012ರಲ್ಲಿ ರಿಪಬ್ಲಿಕನ್ ಪಕ್ಷದ ಹುರಿಯಾಳು ಮಾರ್ಮನ್ ಪಂಥದ ಮಿಟ್ ರಾಮ್ನಿ, ಉಪಾಧ್ಯಕ್ಷ ಸ್ಥಾನಕ್ಕೆ ಕ್ಯಾಥೊಲಿಕ್ ಪಾಲ್ ರಯಾನ್. ಆ ಜೋಡಿಯಲ್ಲಿ ಒಬ್ಬರೂ ಪ್ರೊಟೆಸ್ಟೆಂಟರಿರಲಿಲ್ಲ. ಆದರೂ ಇವಾಂಜೆಲಿಕಲ್ ಬಿಳಿಯರ ಮತ ಕದಲಲಿಲ್ಲ. ಗರ್ಭಪಾತದ ಹಕ್ಕನ್ನು 2022ರಲ್ಲಿ ರದ್ದು ಮಾಡಿದ ನ್ಯಾಯಮೂರ್ತಿಗಳಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಸಂಭ್ರಮಿಸಿದವರಲ್ಲಿ ಬ್ಯಾಪ್ಟಿಸ್ಟರೇ ಮುಂದಿದ್ದರು. ಎರಡನೇ ಕ್ಯಾಥೊಲಿಕ್ ಅಧ್ಯಕ್ಷರಾಗಿ 2020ರಲ್ಲಿ ಗೆದ್ದ ಜೋ ಬೈಡನ್ ತಪ್ಪದೆ ಪೂಜೆಗೆ ಹೋಗುವವರು. ಗರ್ಭಪಾತದ ಹಕ್ಕನ್ನು ಬೆಂಬಲಿಸುವ ಅವರಿಗೆ ಪರಮಪ್ರಸಾದ ಕೊಡಬೇಕೇ ಬೇಡವೇ ಎಂದು 2021ರಲ್ಲಿ ಅವರದೇ ಚರ್ಚಿನ ಬಿಷಪರು ಚರ್ಚೆಗಿಳಿದರು. ಕೆನಡಿ ಪೋಪರ ಮಾತನ್ನು ಹೆಚ್ಚು ಕೇಳಿಯಾರು ಎಂದು ಶಂಕೆ. ಬೈಡನ್ ಕಡಿಮೆ ಕೇಳುತ್ತಾರೆ ಎಂದು ದೂರು. ಚರ್ಚು ಚರ್ಚುಗಳ ನಡುವೆ ಇದ್ದ ಗೋಡೆ ಅರುವತ್ತು ವರ್ಷಗಳಲ್ಲಿ ಜಾಗ ಬದಲಿಸಿ ಪ್ರತಿ ಚರ್ಚಿನ ಒಳಗೇ ಎದ್ದು ನಿಂತಿತು. ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರನ್ನು ಪಕ್ಷ ಬೇರೆ ಮಾಡಿತು.

ಧರ್ಮ ಕೈಗೂಡಿಸಿದರೆ ಪಕ್ಷಕ್ಕೆ ಲಾಭ. ಧರ್ಮಕ್ಕೆ? 2007ರಲ್ಲಿ ಯಾವ ಧರ್ಮಕ್ಕೂ ಸೇರಿಲ್ಲವೆಂದು ಹೇಳಿಕೊಂಡ ವಯಸ್ಕ ಅಮೆರಿಕನ್ನರು ಶೇ 16 ಎಂದು ಪ್ಯೂ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿತ್ತು. 2023–24ರ ಸಮೀಕ್ಷೆಯಲ್ಲಿ ಅದು ಶೇ 29. ಕ್ರೈಸ್ತರ ಪಾಲು ಶೇ 78ರಿಂದ 62ಕ್ಕೆ ಇಳಿದಿತ್ತು. ಕಾರಣಗಳು ಹಲವಿವೆ. ಆದರೆ ಮೈಕೆಲ್ ಹೌಟ್ ಮತ್ತು ಕ್ಲಾಡ್ ಫಿಶರ್ ಎಂಬ ಸಮಾಜಶಾಸ್ತ್ರಜ್ಞರು 2002ರಲ್ಲೇ ಒಂದು ಕಾರಣವನ್ನು ಗುರುತಿಸಿದ್ದರು. ದೇವರಲ್ಲಿ ನಂಬಿಕೆ ಕಳೆದುಕೊಳ್ಳದವರೂ ಧರ್ಮದ ಹೆಸರಿನ ರಾಜಕೀಯ ಬೇಡವೆಂದು ಚರ್ಚಿನಿಂದ ದೂರ ಸರಿಯುತ್ತಿದ್ದಾರೆ ಎಂಬುದು ಅವರ ವಾದ. ಪಕ್ಷದ ಬಾವುಟ ಏರಿಸಿದ ಗುಡಿಗೆ ಬೇರೆ ಪಕ್ಷದವನು ಕಾಲಿಡಲು ಅನುಮಾನಿಸುತ್ತಾನೆ.

ಹೊಸ ಧರ್ಮದವರು ಚುನಾವಣೆಗೆ ಬಂದಂತೆ ಪರೀಕ್ಷೆ ಇನ್ನಷ್ಟು ಬಿಗಿಯಾಯಿತು, ಕೆಲವೆಡೆ ಸಡಿಲವೂ ಆಯಿತು. ಪಂಜಾಬಿನಲ್ಲಿ ಹುಟ್ಟಿದ ಸಿಖ್, ದಲೀಪ್ ಸಿಂಗ್ ಸೌಂದ್, 1956ರಲ್ಲೇ ಕ್ಯಾಲಿಫೋರ್ನಿಯಾದಿಂದ ಪ್ರತಿನಿಧಿ ಸಭೆಗೆ ಆಯ್ಕೆಯಾಗಿದ್ದರು. 2006ರಲ್ಲಿ ಮಿನ್ನೆಸೋಟದಿಂದ ಗೆದ್ದ ಕೀತ್ ಎಲಿಸನ್ ಅಲ್ಲಿಗೆ ಕಾಲಿಟ್ಟ ಮೊದಲ ಮುಸ್ಲಿಂ. ಕುರಾನ್ ಮೇಲೆ ಪ್ರಮಾಣ ಮಾಡುವುದಕ್ಕೆ ಆಕ್ಷೇಪಗಳೆದ್ದಾಗ ಅವರು ತರಿಸಿಕೊಂಡದ್ದು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದ್ದ ಒಂದು ಹಳೆಯ ಪ್ರತಿಯನ್ನು. ಅದು ಒಂದು ಕಾಲಕ್ಕೆ ನಾಸ್ತಿಕನೆಂದು ಬೈಸಿಕೊಂಡ ಥಾಮಸ್ ಜೆಫರ್ಸನ್‌ರದ್ದಾಗಿತ್ತು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಡೆಮಾಕ್ರಟಿಕ್ ಪಕ್ಷದ ಪ್ರತಿನಿಧಿಯಾಗಿ ಗೆದ್ದರು. ತಾವು ಹಿಂದೂ ಎಂಬುದನ್ನು ಮರೆಮಾಚಲಿಲ್ಲ. ಇನ್ನೊಂದು ಬದಿಯೂ ಇದೆ. ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ 2025ರ ಅಕ್ಟೋಬರಿನಲ್ಲಿ ಮಿಸಿಸಿಪಿಯ ವಿದ್ಯಾರ್ಥಿ ಸಭೆಯೊಂದರಲ್ಲಿ, ಹಿಂದೂ ಮನೆತನದ ತಮ್ಮ ಪತ್ನಿ ಉಷಾ ಮುಂದೊಂದು ದಿನ ಕ್ರೈಸ್ತ ನಂಬಿಕೆಗೆ ಬರಲಿ ಎಂಬ ಆಸೆ ತಮಗಿದೆ ಎಂದರು. ಗಂಡಹೆಂಡಿರ ನಡುವಿನ ಮಾತು ಸಾವಿರಾರು ಜನರೆದುರು ಆಡಬೇಕಾಗಿ ಬಂದದ್ದರಲ್ಲೇ ಆ ಪರೀಕ್ಷೆಯ ಒತ್ತಡ ಎಷ್ಟೆಂದು ತಿಳಿಯುತ್ತದೆ.

ಈ ಇಡೀ ಚರಿತ್ರೆಯಲ್ಲಿ ಒಂದು ಮಾತು ಬೇರೆಯಾಗಿ ನಿಲ್ಲುತ್ತದೆ. 2008ರಲ್ಲಿ ಬರಾಕ್ ಒಬಾಮ ಗುಟ್ಟಾಗಿ ಮುಸ್ಲಿಂ ಎಂಬ ವದಂತಿ ಹಬ್ಬಿತ್ತು. ಇಲ್ಲ, ಅವರು ಕ್ರೈಸ್ತರು ಎಂದು ಬೆಂಬಲಿಗರು ಸಮಜಾಯಿಷಿ ಕೊಡುತ್ತಿದ್ದರು. ರಿಪಬ್ಲಿಕನ್ ಪಕ್ಷದ ಮಾಜಿ ಸೇನಾಧಿಕಾರಿ ಕಾಲಿನ್ ಪೊವೆಲ್ ಟೆಲಿವಿಷನ್ನಿನಲ್ಲಿ ಕುಳಿತು, ಅವರು ಕ್ರೈಸ್ತರೆಂಬುದು ಸರಿ, ಆದರೆ ಮುಸ್ಲಿಮರೇ ಆಗಿದ್ದರೆ ತಪ್ಪೇನು ಎಂದು ಕೇಳಿದರು. ಇರಾಕ್ ಯುದ್ಧದಲ್ಲಿ ಮಡಿದ ಮುಸ್ಲಿಂ ಅಮೆರಿಕನ್ ಯೋಧನೊಬ್ಬನ ಗೋರಿಕಲ್ಲಿಗೆ ತಲೆಯಾನಿಸಿದ ತಾಯಿಯ ಚಿತ್ರವನ್ನು ನೆನಪಿಸಿದರು. ಲಿಂಕನ್‌ರಿಂದ ಕೆನಡಿಯವರೆಗೆ ಎಲ್ಲರೂ ಪರೀಕ್ಷೆಗೆ ಉತ್ತರ ಕೊಟ್ಟಿದ್ದರು; ಪೊವೆಲ್ ಆ ಪ್ರಶ್ನೆಯೇ ಸರಿಯಲ್ಲ ಎಂದರು.

ಮತದಾರನಿಗೆ ಅಭ್ಯರ್ಥಿಯ ನಂಬಿಕೆಯ ಬಗ್ಗೆ ಕುತೂಹಲ ಇರುವುದು ಸಹಜ. ನಂಬಿಕೆಯಿಂದಲೇ ನಡತೆ ರೂಪುಗೊಳ್ಳುತ್ತದೆ ಎನ್ನುವವರ ಮಾತಿನಲ್ಲೂ ಹುರುಳಿದೆ. ಮಾರ್ಟಿನ್ ಲೂಥರ್ ಕಿಂಗ್‌ರ ಹೋರಾಟವನ್ನು ಅವರ ಚರ್ಚಿನಿಂದ ಬೇರ್ಪಡಿಸಲು ಬರುವುದಿಲ್ಲ. ಆದರೆ ಒಬ್ಬ ತನ್ನ ನಂಬಿಕೆಯ ಬಲದಿಂದ ಎಲ್ಲರಿಗೂ ನ್ಯಾಯ ಕೇಳುವುದು ಒಂದು. ನಮ್ಮ ನಂಬಿಕೆಯವನಲ್ಲ ಎಂದು ಒಬ್ಬನನ್ನು ಬಾಗಿಲಲ್ಲೇ ತಡೆಯುವುದು ಇನ್ನೊಂದು. ಈ ವ್ಯತ್ಯಾಸವನ್ನು 1787ರಲ್ಲಿ ಕಾಗದದ ಮೇಲೆ ಬರೆದಾಯಿತು. ಅದು ಮತಗಟ್ಟೆಗೆ ಬರುವವರ ಮನಸ್ಸಿಗೂ ಇಳಿಯುವ ಕೆಲಸ ಪ್ರತಿ ಚುನಾವಣೆಯಲ್ಲೂ ಹೊಸದಾಗಿ ಆಗಬೇಕು. ಅಮೆರಿಕಕ್ಕೆ ಅದು ಇನ್ನೂ ಮುಗಿಯದ ಕೆಲಸ.