ಆಟಿನ್ ಎಕ್ಕ ಯಾರ ಕೈಯಲ್ಲಿದೆ?

ಕನ್ನಡ ಎಂ.ಎ. ಮಾಡಿದ ಆಂಟಿ ಪೋಕರ್ ಬಗ್ಗೆ ಏನು ಮಾತಾಡುತ್ತಾರೆ ಎಂದು ನಗುತ್ತಿದ್ದೀರಾ? ನಗಿ, ಪರವಾಗಿಲ್ಲ. ಜೂಜಾಡಿ ಎಂದು ಹೇಳಲು ನಾನು ಬಂದಿಲ್ಲ. ಆದರೆ ನೀವು ಆಡುತ್ತೀರಿ ಎನ್ನುವುದು ನನಗೆ ಗೊತ್ತು, ಏಕೆಂದರೆ ಕಳೆದ ಚಳಿಗಾಲದ ರಜೆಯಲ್ಲಿ ನಮ್ಮ ಮನೆಯ ಬೇಸ್‌ಮೆಂಟಿನಲ್ಲೇ ನನ್ನ ಮಗ ಒಂದೇ ಕೈಗೆ 180 ಡಾಲರ್ ಸೋತ. ಬೇಸಿಗೆಯಲ್ಲಿ ದುಡಿದು ಉಳಿಸಿದ ದುಡ್ಡು.

ಮರುದಿನ ಬೆಳಿಗ್ಗೆ ಮುಖ ಊದಿಸಿಕೊಂಡು ಕೂತಿದ್ದ. "ಅಮ್ಮಾ, ಬರೀ ಬ್ಯಾಡ್ ಲಕ್" ಅಂದ. ಇಸ್ಪೀಟ್ ಕಟ್ಟು ತಂದು ತೋರಿಸು ಅಂದೆ. (ನೀವು ಹಾರ್ಟ್ಸ್ ಎನ್ನುವುದು ನಮಗೆ ಆಟಿನ್, ಕ್ಲಬ್ಸ್ ಎಂದರೆ ಕಳಾವರ್. ಸ್ಪೇಡ್ಸ್ ಇಸ್ಪೀಟ್, ಇಡೀ ಆಟಕ್ಕೂ ಅದೇ ಹೆಸರು, ಪಾಪ ಉಳಿದ ಮೂರಕ್ಕೆ ಅನ್ಯಾಯ!)

ಅವನ ಕೈಯಲ್ಲಿ ಇಸ್ಪೀಟ್ ಎಕ್ಕ, ಕಳಾವರ್ ರಾಜ. ಫ್ಲಾಪ್‌ನಲ್ಲಿ ಬಿದ್ದದ್ದು ರಾಜ, ಎಂಟು, ಮೂರು, ಮೂರೂ ಆಟಿನ್. ಇಂಥ ಒಂದೇ ಬಣ್ಣದ ಫ್ಲಾಪ್ ನೂರಕ್ಕೆ ಸುಮಾರು 5 ಸಲ ಬರುತ್ತದೆ. ಟಾಪ್ ಪೇರ್, ಜೊತೆಗೆ ಎಕ್ಕ! ಇವನು ಪಾಟ್‌ನಷ್ಟೇ ಬೆಟ್ ಮಾಡಿದ. ಗೆಳೆಯ ರೈಸ್ ಮಾಡಿದ. ಇವನು ಇದ್ದದ್ದೆಲ್ಲ ತಳ್ಳಿದ. ಗೆಳೆಯ ಆಟಿನ್ ಒಂಬತ್ತು, ಹತ್ತು ತೋರಿಸಿದ.

ಕೂತು ಎಣಿಸಿದೆವು. ಅವನಿಗೆ ಕಾಣದ ಎಲೆಗಳು 47, ಅದರಲ್ಲಿ ಆಟಿನ್ 10. ಎದುರಿನವನಿಗೆ ಬರಬಹುದಾದ ಜೋಡಿಗಳು 1081. ಎರಡೂ ಆಟಿನ್ ಆಗಿರುವವು 45 ಮಾತ್ರ, ನೂರಕ್ಕೆ ಸುಮಾರು 4. "ನೋಡಿದ್ಯಾ, ನಾನು ಸರಿ!" ಅಂದ. ತಡಿಯಪ್ಪಾ ಅಂದೆ. ಅದು ಯಾರೂ ಬಾಯಿ ಬಿಡುವ ಮೊದಲಿನ ಲೆಕ್ಕ. ನೀನು ಅಷ್ಟು ದೊಡ್ಡ ಬೆಟ್ ಮಾಡಿದ ಮೇಲೆ ಆಟಿನ್ ಇಲ್ಲದ, ರಾಜನೂ ಇಲ್ಲದವನು ಎಲೆ ಎಸೆದು ಎದ್ದುಹೋಗುತ್ತಾನೆ. ನೀನು ಗೆಲ್ಲಬಹುದಾಗಿದ್ದವರನ್ನೆಲ್ಲ ನೀನೇ ಓಡಿಸಿದೆ. ಉಳಿದವನು, ಅದೂ ತಿರುಗಿ ರೈಸ್ ಮಾಡಿದವನು, ಆ 1081ರಲ್ಲಿ ಯಾವನೋ ಒಬ್ಬ ಅಲ್ಲ. ನಮ್ಮೂರ ಜಗಲಿಯಲ್ಲಿ ಅಜ್ಜಿ ತುರುಫಿನ ಆಟ ಆಡುವಾಗ ತನ್ನ ಎಲೆ ನೋಡುತ್ತಿದ್ದದ್ದು ಕಡಿಮೆ, ಎದುರಿನವರ ಮುಖ ನೋಡುತ್ತಿದ್ದದ್ದೇ ಹೆಚ್ಚು.

ಹಾಗಾದರೆ ಏನು ಮಾಡಬೇಕಿತ್ತು? ಪಾಟ್‌ನ ಮೂರನೇ ಒಂದು ಭಾಗದಷ್ಟು ಬೆಟ್ ಸಾಕಿತ್ತು. ಸಣ್ಣ ಜೋಡಿಯವನೂ, ಒಂದೇ ಆಟಿನ್ ಹಿಡಿದವನೂ ಅದಕ್ಕೆ ದುಡ್ಡು ಹಾಕುತ್ತಾರೆ. ಚೆಕ್ ಮಾಡಿದ್ದರೂ ತಪ್ಪಿಲ್ಲ. ದೊಡ್ಡ ರೈಸ್ ಬಂದರೆ, ನಾಲ್ಕನೇ ಆಟಿನ್ ಬಿದ್ದ ಮೇಲೆ ಯಾರಾದರೂ ಜೋರು ಮಾಡಿದರೆ, ಎಲೆ ಕೆಳಗಿಡುವುದು. ಅದೇ ಕಷ್ಟ. ಎಕ್ಕ, ರಾಜ ಕೈಯಲ್ಲಿರುವಾಗ ಬಿಡಲು ಮನಸ್ಸು ಬರುವುದಿಲ್ಲ.

ಇನ್ನೊಂದು ಸಂಗತಿ ನನಗೇ ಆಶ್ಚರ್ಯ ತಂದಿತು. ಇಸ್ಪೀಟ್ ಎಕ್ಕ ತೆಗೆದು ಆ ಜಾಗಕ್ಕೆ ಆಟಿನ್ ಎಕ್ಕ ಇಟ್ಟೆವು. ಹೆಸರಿಗೆ ಅದೇ ಟಾಪ್ ಪೇರ್. ಆದರೆ ಆ ಗೆಳೆಯನ ಫ್ಲಶ್ ಎದುರು ಮಗ ನಿಜವಾಗಿ ಆಡಿದ ಕೈ ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 3; ಆಟಿನ್ ಎಕ್ಕ ಇದ್ದರೆ, ಉಳಿದ ಏಳು ಆಟಿನ್‌ಗಳಲ್ಲಿ ಒಂದು ಬಿದ್ದರೂ ಸಾಕು, ಆ ಲೆಕ್ಕವೊಂದೇ ಸುಮಾರು 29. ಎಷ್ಟು ಗಟ್ಟಿಯಾಗಿ ಆಡಬೇಕೆನ್ನುವುದನ್ನು ಆ ಒಂದು ಎಲೆ ತೀರ್ಮಾನಿಸುತ್ತದೆ. ಫ್ಲಾಪ್ ಒಂದೇ ಬಣ್ಣದ್ದಾದಾಗ ನಿಮ್ಮ ಜೋಡಿಗಿಂತ ಮೊದಲು ಅದನ್ನು ನೋಡಿಕೊಳ್ಳಿ.

180 ಡಾಲರ್ ನಾನು ತುಂಬಿಕೊಡಲಿಲ್ಲ. ಅವನೂ ಕೇಳಲಿಲ್ಲ.

ವಸಂತದ ರಜೆಗೆ ಅದೇ ಹುಡುಗರು ಬಂದರು. ನಾನು ಚುರುಮುರಿ ಕೊಡಲು ಕೆಳಗಿಳಿದಾಗ ಮೇಜಿನ ಮೇಲೆ ಮೂರು ಕಳಾವರ್, ರಾಣಿ ಎಲ್ಲಕ್ಕಿಂತ ಮೇಲೆ. ಮಗನ ಕೈಯಲ್ಲಿ ಇನ್ನೊಂದು ರಾಣಿ, ಕಳಾವರ್ ಒಂದೂ ಇಲ್ಲ. ಸಣ್ಣ ಬೆಟ್ ಇಟ್ಟ, ದೊಡ್ಡ ರೈಸ್ ಬಂತು. ತುಂಬಾ ಹೊತ್ತು ಕೂತು ಎಲೆ ಕೆಳಗಿಟ್ಟ. ಆ ಗೆಳೆಯ ತನ್ನ ಎಲೆ ತೋರಿಸದೆ ಚಿಪ್ಸ್ ಬಾಚಿಕೊಂಡ. "ಅಮ್ಮಾ, ಅವನ ಹತ್ರ ಏನಿತ್ತು ಅಂತೀಯ?" ಎಂದು ಮಗ ಈಗಲೂ ಫೋನಿನಲ್ಲಿ ಕೇಳುತ್ತಾನೆ.